ಸ್ಲೇಟಿನ ಮೇಲೆ ಸುಳ್ಳು ಬರೆಯುತ್ತಿದ್ದ ಅಜ್ಜಿ

ಸೀರೆ ಯಾವ ಬಣ್ಣದ್ದಾದರೂ ಅವರ ಸೆರಗಿನ ತುದಿ ಮಾತ್ರ ಬೂದಿಬಣ್ಣ. ಸ್ಲೇಟು ಒರೆಸಿ ಒರೆಸಿ ಹಾಗಾಗಿತ್ತು. ಗುಜರಾತಿನ ಮಣಿನಗರದಲ್ಲಿ ನಮ್ಮ ಕೆಳಗಿನ ಮನೆಯವರು, ಧಾರವಾಡದ ಕಡೆಯವರು. ಗಂಡ ರೈಲ್ವೆಯಲ್ಲಿದ್ದರಂತೆ. ಇವರು ಇಲ್ಲೇ ಒಂದು ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಇಂಗ್ಲಿಷ್ ಓದಲು ಕಲಿಸಿ ನಿವೃತ್ತರಾದವರು. ಗುಜರಾತಿ ಮಕ್ಕಳಿಗೆ ‘ಬಾ’, ನಮಗೆ ಅಜ್ಜಿ.

ನಮ್ಮವರಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಮೈಸೂರಿನಿಂದ ಬಂದಾಗ ಮಗಳು ಚಿನ್ನಿ ಒಂದನೇ ಕ್ಲಾಸು. ಮನೆಯಲ್ಲಿ ಇಂಗ್ಲಿಷ್ ಪುಸ್ತಕವನ್ನು ಮೊದಲಿನಿಂದ ಕೊನೆವರೆಗೆ ಗಡಗಡ ಓದುತ್ತಿದ್ದಳು. ಶಾಲೆಯ ಟೀಚರ್ ಮಾತ್ರ, “ಇವಳಿಗೆ ಓದೋಕೇ ಬರಲ್ಲ. ವರ್ಷದ ಕೊನೆಗೆ ಹೊಸ ಪುಟ ಕೊಡ್ತೀವಿ. ಓದದಿದ್ದರೆ ಇದೇ ಕ್ಲಾಸಲ್ಲಿ ಕೂರಬೇಕು” ಎಂದುಬಿಟ್ಟರು. ನನಗೆ ರೇಗಿತು. ನ್ಯಾಯ ಕೇಳುವವಳ ಹಾಗೆ ಮಗಳನ್ನೂ ಪುಸ್ತಕವನ್ನೂ ಅಜ್ಜಿಯ ಮುಂದೆ ನಿಲ್ಲಿಸಿದೆ.

ಅಜ್ಜಿ ಅರ್ಧ ಪುಟ ಕೇಳಿದರು. ಆಮೇಲೆ ಮೆಲ್ಲಗೆ ಪುಸ್ತಕವನ್ನು ತಲೆಕೆಳಗು ಮಾಡಿದರು. ಚಿನ್ನಿ ಫ್ಯಾನು ನೋಡುತ್ತಾ ಕೊನೆಯ ಸಾಲಿನವರೆಗೂ ಓದಿ ಮುಗಿಸಿದಳು!

ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು.

“ಅಳಬ್ಯಾಡ ತಂಗಿ. ಕೂಸಿಗೆ ಹಾಡು ಬಂದದ, ಓದು ಬಂದಿಲ್ಲ, ಅಷ್ಟ. ಬಾಯಾಗ ಇಲ್ಲದ ಮಾತು ಕಣ್ಣಿಗೆ ಹೆಂಗ ಕಾಣಬೇಕು?”

ಮರುದಿನದಿಂದ ಪುಸ್ತಕ ಬಂದ್. ಸಂಜೆ ಹೊತ್ತು ಉಯ್ಯಾಲೆಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು, “ಮುಂಜಾನೆ ಏನ್ ತಿಂದಿ?” ಎಂದು ಶುರುಮಾಡುತ್ತಿದ್ದರು. “ಢೋಕ್ಲಾ. ಅಪ್ಪ ಚಟ್ನಿ ಚೆಲ್ಲಿದ್ರು” ಎಂದು ಇವಳು. ಅದನ್ನೇ ಇಂಗ್ಲಿಷಿನಲ್ಲಿ ಹೇಳಿ, ಹೇಳಿಸಿ, ಸ್ಲೇಟಿನ ಮೇಲೆ ಬರೆಯುತ್ತಿದ್ದರು. ತನ್ನದೇ ಮನೆ ಸುದ್ದಿಯನ್ನು ಚಿನ್ನಿ ಬೆರಳಿಟ್ಟು ಓದುತ್ತಿದ್ದಳು. ‘ಇದೂ ಬಾಯಿಪಾಠವೇ ಅಲ್ಲವೇ?’ ಎಂದು ನನಗೆ ಒಳಗೊಳಗೇ ಅನುಮಾನ. ಪರೀಕ್ಷೆ ಹತ್ತಿರವಾಗುತ್ತಿತ್ತು.

ಒಂದು ಸಂಜೆ ಚಿನ್ನಿ, “ಅಪ್ಪ ಸ್ಕೂಟರ್ ತೊಳೆದ್ರು” ಎಂದಳು. ಅಜ್ಜಿ ಏನೂ ಹೇಳದೆ ಬರೆದು, ಸ್ಲೇಟನ್ನು ಅವಳ ತೊಡೆಯ ಮೇಲಿಟ್ಟು, ಬೀದಿ ನೋಡುತ್ತಾ ಕೂತರು. ಬೆರಳು ಹರಿಯಿತು, ನಿಂತಿತು, ಹಿಂದೆ ಬಂತು.

“ಸುಳ್ಳು! ಅಪ್ಪ ಸ್ಕೂಟರ್ ತಿನ್ನಲ್ಲ!”

“ತಿಂದ್ರು ಅಂತ ಯಾರಂದ್ರು? ನಾ ಬಾಯಿನ ತೆಗೆದಿಲ್ಲಲ್ಲ.”

“ಇಲ್ಲಿ ಬರೆದಿದೆ, ನೋಡಿ!”

“ಹೌದೇನು? ಹಂಗಾರ ನೀ ಓದಿದಿ ಬಿಡು.”

ಅವತ್ತಿನಿಂದ ದಿನಕ್ಕೊಂದು ಸುಳ್ಳು. ಅದನ್ನು ಹಿಡಿಯಲೆಂದೇ ಚಿನ್ನಿ ಓಡುತ್ತಿದ್ದಳು. ನಮ್ಮವರು ಆಫೀಸಿನಿಂದ ಬರುತ್ತಲೇ ಕೆಳಗೆ ನಿಂತು, “ಅಜ್ಜೀ, ಇವತ್ತು ನನಗೆ ಏನು ತಿನ್ನಿಸಿದ್ರಿ?” ಎಂದು ಕೂಗಿ ಕೇಳುವರು. “ಸ್ಟೇಷನ್ನಿನ ಗಡಿಯಾರ!” ಎಂದು ಒಳಗಿನಿಂದ ಉತ್ತರ.

ಪರೀಕ್ಷೆಯ ದಿನ ಹೊಸ ಪುಟವನ್ನು ಚಿನ್ನಿ ತಡೆದು ತಡೆದು ಓದಿದಳಂತೆ. ಆದರೆ ಓದಿದಳು. ಎರಡನೇ ಕ್ಲಾಸಿಗೆ ಹಾಕಿದರು. ನಾನು ಪೇಢಾ ಡಬ್ಬಿ ಹಿಡಿದು ಮೆಟ್ಟಿಲಿಳಿದು ಓಡಿದೆ. ಅಜ್ಜಿ ಡಬ್ಬಿಯ ಕಡೆ ನೋಡಲಿಲ್ಲ.

“ಏನಿತ್ತವಾ ಅದರಾಗ?” ಎಂದು ಚಿನ್ನಿಯನ್ನೇ ಕೇಳಿದರು.

ಅರೆ, ಆ ಪುಟದಲ್ಲಿ ಏನಿತ್ತೆಂದು ನಾನು ಕೇಳಿಯೇ ಇರಲಿಲ್ಲ! ಚಿನ್ನಿ ಅರ್ಧ ಕನ್ನಡ, ಅರ್ಧ ಗುಜರಾತಿಯಲ್ಲಿ, ಮಳೆಗೆ ಸಿಕ್ಕಿಬಿದ್ದ ಮೊಲ ಆಮೆಯ ಚಿಪ್ಪಿನೊಳಗೆ ಜಾಗ ಕೇಳಿದ್ದು, ಆಮೆ “ಬಾಗಿಲು ಚಿಕ್ಕದಪ್ಪಾ” ಎಂದದ್ದು ಎಲ್ಲ ಹೇಳಿದಳು. ಅಜ್ಜಿ ಪೂರ್ತಿ ಕೇಳಿದರು.

“ಈಗ ಕೊಡು ತಂಗಿ ಪೇಢಾ.”

ವರ್ಷಗಳು ಕಳೆದವು. ಹೋದ ಚಳಿಗಾಲದಲ್ಲಿ ಅಜ್ಜಿ ವಡೋದರಾದ ಮಗಳ ಮನೆಯಲ್ಲಿ ತೀರಿಕೊಂಡರು. ಚಿನ್ನಿ ಈಗ ಓದುವ ದಪ್ಪ ಪುಸ್ತಕಗಳು ನನಗೆ ಅರ್ಧ ತಿಳಿಯುವುದಿಲ್ಲ. ಆದರೂ ಅವಳು ಪುಸ್ತಕ ಮುಚ್ಚಿದಾಗ ಪಕ್ಕ ಹೋಗಿ ಕೂತು, “ಏನಿತ್ತವಾ ಅದರಾಗ?” ಎನ್ನುತ್ತೇನೆ. ಮೈಸೂರಿನ ನನ್ನ ನಾಲಿಗೆ ಆ ಒಂದು ಮಾತನ್ನು ಬೇರೆ ಥರ ಆಡುವುದೇ ಇಲ್ಲ. ಅವಳು ಹೇಳತೊಡಗಿದರೆ, ಒಲೆಯ ಮೇಲೆ ಸಾರು ಉಕ್ಕಿದರೂ ನಾನು ಏಳುವುದಿಲ್ಲ.