ಕಿಟಕಿ ಮುಚ್ಚಿದ ಬೇಸಗೆ

ನಿನ್ನೆ ಬೆಳಿಗ್ಗೆ ಬಿಸಿಲು ಏರುತ್ತಿದ್ದ ಹಾಗೆ ಈ ವರ್ಷ ಮೊದಲ ಬಾರಿಗೆ ಎ.ಸಿ. ಹಾಕಿದೆ. ತಿಂಗಳುಗಟ್ಟಲೆ ಸುಮ್ಮನಿದ್ದ ಆ ಯಂತ್ರ ಮೊದಲ ಗಾಳಿಯ ಜೊತೆಗೆ ಒಂದು ವಾಸನೆ ಬಿಡುತ್ತದೆ, ಗಮನಿಸಿದ್ದೀರಾ? ಮಳೆಗಾಲದಲ್ಲಿ ಒದ್ದೆಯಾಗಿಯೇ ಮಡಚಿಟ್ಟ ಕೊಡೆಯನ್ನು ಬಿಚ್ಚಿದಾಗ ಬರುತ್ತದಲ್ಲ, ಅಂಥದ್ದು. ಮನೆಗೆ ಬಂದವರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ಅದು ಊದುಬತ್ತಿಗಿಂತ ಹಿತ. ನಗಬೇಡಿ, ಕಾರಣ ಹೇಳುತ್ತೇನೆ.

ನಮ್ಮದು ಕಟಪಾಡಿ ಪೇಟೆಯಿಂದ ಸ್ವಲ್ಪ ಒಳಗಿರುವ ಹಳೆಯ ಮನೆ. ಕೆಂಪು ಕಲ್ಲಿನ ಗೋಡೆ, ಹಂಚಿನ ಮಾಡು, ಅದರ ಕೆಳಗೆ ಹಲಗೆಯ ಮುಚ್ಚಿಗೆ. ಹೆಣ್ಣಿನ ಕಡೆಯಿಂದ ಇಳಿದು ಬಂದ ಮನೆಯಾದ್ದರಿಂದ ಮದುವೆಯಾದ ಮೇಲೂ ನಾನು ಇಲ್ಲಿಯೇ ಉಳಿದೆ. ನನ್ನವರು ಮಸ್ಕತ್ತಿನಲ್ಲಿದ್ದಾರೆ, ರಜೆಗೆ ಬರುತ್ತಾರೆ. ಮನೆಯ ಯಜಮಾನಿಕೆ ನನ್ನ ತಾಯಿಯ ಅಕ್ಕನದು, ಅಂದರೆ ದೊಡ್ಡಮ್ಮನದು. ಹಗಲು ಹೊತ್ತಿನಲ್ಲಿ ಇಲ್ಲಿ ಬಾಗಿಲು ಹಾಕುವ ಪದ್ಧತಿಯೇ ಇರಲಿಲ್ಲ. ನೆರೆಮನೆಯವರು ಬರುತ್ತಿದ್ದರು, ಅವರ ಕೋಳಿಯೂ ಬರುತ್ತಿತ್ತು. ಬಾಗಿಲು ಮುಚ್ಚಿಕೊಂಡು ಕೂರುವವರನ್ನು ಕಂಡರೆ ದೊಡ್ಡಮ್ಮನಿಗೆ, ಇವರೇನೋ ಬಚ್ಚಿಡುತ್ತಿದ್ದಾರೆ ಎಂಬ ಸಂಶಯ.

ಕೆಲವು ವರ್ಷಗಳ ಹಿಂದೆ ದೊಡ್ಡಮ್ಮನಿಗೆ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತು ಉಳಿಯಿತು. ಅವರ ಮಾತಿಗೆ ಕೈ ಹಾಕುವ ಧೈರ್ಯ ಕಾಯಿಲೆಗೂ ಇರಲಿಲ್ಲವೆಂದು ಕಾಣುತ್ತದೆ. ಮಂಚವನ್ನು ಬದಿಯ ಕೋಣೆಯ ಕಿಟಕಿಗೆ ತಾಗಿಸಿ ಹಾಕಿದೆವು. ಅಂದಿನಿಂದ ಮನೆಯ ಆಡಳಿತ ಆ ಕಿಟಕಿಯಿಂದ ನಡೆಯಿತು. ಕಾಪುವಿನಿಂದ ಮೀನು ತರುವ ಗಿರಿಜಕ್ಕ ದಿನವೂ ಅಲ್ಲಿ ಬಂದು ಬುಟ್ಟಿ ವಾಲಿಸಿ ಹಿಡಿಯುತ್ತಿದ್ದರು. ದೊಡ್ಡಮ್ಮ ಸರಳಿನ ನಡುವೆ ಎಡಗೈ ತೂರಿಸಿ ಬಂಗುಡೆಯ ಕಿವಿರು ಎತ್ತಿ ನೋಡುತ್ತಿದ್ದರು.

"ಇದು ನಿನ್ನೆಯದ್ದು."

"ನಿನ್ನೆಯದ್ದಾ? ಇನ್ನೂ ಸಮುದ್ರದ ನೀರು ಆರಿಲ್ಲ ಅಕ್ಕ!"

ಇಬ್ಬರೂ ಜಗಳವಾಡುತ್ತಿದ್ದದ್ದು ತುಳುವಿನಲ್ಲಿ, ನಿಮಗಾಗಿ ಕನ್ನಡ ಮಾಡಿದ್ದೇನೆ. ದೊಡ್ಡಮ್ಮ ತಿನ್ನುತ್ತಿದ್ದದ್ದು ಎರಡು ತುತ್ತು. ಆದರೆ ಈ ಮನೆಯಲ್ಲಿ ಇವತ್ತು ಯಾವ ಮೀನು ಎಂದು ಹೇಳುವ ಅಧಿಕಾರ ಅವರದು. ಎದ್ದು ಓಡಾಡಿದ ಹೆಂಗಸಿಗೆ ಉಳಿದಿದ್ದದ್ದು ಅದೊಂದೇ.

ಗಿರಿಜಕ್ಕ ಎಷ್ಟೋ ವರ್ಷಗಳಿಂದ ಬರುವವರಾದರೂ ಜಗಲಿ ಹತ್ತಿದವರಲ್ಲ. ಜಗಲಿಯ ಮಗ್ಗುಲಲ್ಲೇ ದೈವದ ಕೋಣೆ, ಅದರ ಎದುರಿನಿಂದ ಮೀನಿನ ಬುಟ್ಟಿ ಹೋಗಬಾರದು, ಹಿಂದಿನಿಂದ ಅಡುಗೆಮನೆಗೆ ಬರಬೇಕು. ಬುಟ್ಟಿಗೆ ಇದ್ದ ಕಟ್ಟಳೆ ಬುಟ್ಟಿ ಹೊತ್ತವರಿಗೂ ಅಂಟಿಕೊಂಡಿತ್ತು. ಬರಬೇಡ ಎಂದು ಯಾರೂ ಹೇಳಿರಲಿಲ್ಲ, ಬಾ ಎಂದೂ ಹೇಳಿರಲಿಲ್ಲ.

ಒಂದು ಬೇಸಗೆಯಲ್ಲಿ ದೊಡ್ಡಮ್ಮನ ಬೆನ್ನಲ್ಲಿ ಹುಣ್ಣಾಯಿತು. ಮಲಗಿದಲ್ಲೇ ಬೆವರು, ಬೆವರಿಗೆ ಚರ್ಮ ಮೆತ್ತಗಾಗಿ ಮತ್ತೊಂದು ಹುಣ್ಣು. ಮಣಿಪಾಲದ ಡಾಕ್ಟರು ನೋಡಿ, "ಗಾಯ ಆಳಕ್ಕೆ ಹೋದರೆ ಜೀವಕ್ಕೇ ಕಷ್ಟ. ಹೊರಳಿಸ್ತಾ ಇರಿ, ಬೆವರಲು ಬಿಡಬೇಡಿ. ಆಗುದಾದರೆ ಒಂದು ಎ.ಸಿ. ಹಾಕಿಸಿ" ಎಂದರು.

ಎ.ಸಿ. ಆರಿಸುವುದು ಅಳಿಯನನ್ನು ಆರಿಸಿದ ಹಾಗೆ, ಊರಿಗೆಲ್ಲ ಅಭಿಪ್ರಾಯವಿರುತ್ತದೆ. ನನ್ನವರು ಫೋನಿನಲ್ಲಿ, "ಎರಡು ಟನ್ನಿಂದು ತೆಗಿ, ಇಲ್ಲಿ ಎಲ್ಲರ ಮನೆಯಲ್ಲೂ ಅದೇ" ಎಂದರು, ಮಸ್ಕತ್ತಿನ ಸೆಖೆಯನ್ನೇ ಇಲ್ಲಿಗೂ ಪಾರ್ಸೆಲ್ ಮಾಡಿದವರಂತೆ. ಕನ್ನಡ ಟೀಚರಾದ ನಾನು ಉಡುಪಿಯ ಅಂಗಡಿಯಲ್ಲಿ ಗಂಭೀರವಾಗಿ ಕೇಳಿದ ಮೊದಲ ಪ್ರಶ್ನೆ, ಬಿಳಿ ಬಿಟ್ಟು ಬೇರೆ ಬಣ್ಣ ಇದೆಯೇ ಎಂಬುದು. ಅಂಗಡಿಯವರು ಕೋಣೆಯ ಅಳತೆ, ಮಾಡು, ಮುಚ್ಚಿಗೆ ಎಲ್ಲ ವಿಚಾರಿಸಿ, ಮುಚ್ಚಿಗೆಯ ಸಂದುಗಳನ್ನು ಮುಚ್ಚಿಸಿದರೆ ಒಂದು ಟನ್ ಧಾರಾಳ ಎಂದರು. ಹಾಗೆಯೇ ಮಾಡಿದೆವು.

ಕೂರಿಸುವ ದಿನ ದೊಡ್ಡಮ್ಮ ಮಲಗಿದಲ್ಲಿಂದಲೇ ಮೇಸ್ತ್ರಿಯಾದರು. ಹೊರಗಿನ ಪೆಟ್ಟಿಗೆ ಪಡುವಣಕ್ಕೆ ಬೇಡ, ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ. ತೆಂಕಣಕ್ಕೆ ಬೇಡವೇ ಬೇಡ, ಅದರ ಬಿಸಿಗಾಳಿ ದೈವದ ಕೋಣೆಗೆ ಬೀಸುತ್ತದೆ. ಕೊನೆಗೆ ಬಾವಿಯ ಕಡೆಗೆ ಒಪ್ಪಿಗೆ ಸಿಕ್ಕಿತು. ನೀರಿಳಿಯುವ ಪೈಪನ್ನು ಬಸಳೆ ಚಪ್ಪರಕ್ಕೆ ಬಿಡಿಸಿದರು. ಆ ವರ್ಷದ ಬಸಳೆಯ ದಂಟನ್ನು ನೀವು ನೋಡಬೇಕಿತ್ತು.

ಎಲ್ಲ ಮುಗಿದ ಮೇಲೆ ನಾನು ಕಿಟಕಿಯ ಬಾಗಿಲು ಎಳೆದೆ.

"ಅದನ್ನು ಎಂತಕ್ಕೆ ಹಾಕುದು?"

"ಹಾಕದಿದ್ದರೆ ತಂಪು ನಿಲ್ಲುದಿಲ್ಲ ದೊಡ್ಡಮ್ಮ."

"ಹಾಗಾದರೆ ತೆಗೆಸು ಆ ಮಿಷನ್ನು. ಬೆನ್ನು ಗುಣವಾಗಿ ಎಂತ ಮಾಡುದು ಮಗಾ, ಒಬ್ಬರ ಮುಖ ಕಾಣದಿದ್ದರೆ?"

ಗಾಯ ಮಾಯಬೇಕಾದರೆ ಕಿಟಕಿ ಮುಚ್ಚಬೇಕು, ಕಿಟಕಿ ಮುಚ್ಚಿದರೆ ಅವರಿಗೆ ಬದುಕು ಬೇಡ. ಅಳು ಬಂತು, ಅತ್ತೂ ಬಿಟ್ಟೆ. ನನ್ನ ಕಣ್ಣೀರಿಗೆ ಮರುಗಿ ಅವರು, "ನಾಳೆ ಒಂದು ದಿನ ನೋಡುವ. ಆಗದಿದ್ದರೆ ತೆಗೆಸಿಬಿಡು" ಎಂದರು.

ಮರುದಿನ ಗಿರಿಜಕ್ಕ ಬಂದರು. ನೋಡಿದರೆ ಕಿಟಕಿ ಮುಚ್ಚಿಕೊಂಡಿದೆ. ಕರೆದರೆ ಯಾರೂ ಓಗೊಡುವುದಿಲ್ಲ, ನಮಗೆ ಕೇಳಿಸಿದರಲ್ಲವೇ? ಬಾವಿಯ ಕಡೆಯಿಂದ ಗುಂಯ್ ಎಂಬ ಸದ್ದು. ಗೋಡೆ ಕೊರೆಯುವಾಗ ಧೂಳಾಗಬಾರದೆಂದು ಹಿಂದಿನ ದಿನ ಹೊರಗಿಟ್ಟ ಕುರ್ಚಿಗಳೆಲ್ಲ ಅಂಗಳದಲ್ಲೇ ಇದ್ದವು. ನಮ್ಮ ಊರಿನಲ್ಲಿ ಮುಚ್ಚಿದ ಕೋಣೆ, ಅಂಗಳದಲ್ಲಿ ಕುರ್ಚಿ, ಜೊತೆಗೆ ಆ ಸದ್ದು ಎಂದರೆ ಅರ್ಥ ಒಂದೇ: ಗಲ್ಫಿನಿಂದ ಬರುವವರಿಗಾಗಿ ಹೆಣವನ್ನು ತಂಪು ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ.

ಗಿರಿಜಕ್ಕ ಬುಟ್ಟಿಯನ್ನು ಅಲ್ಲೇ ಇಳಿಸಿ ಎದೆ ಬಡಿದುಕೊಳ್ಳುತ್ತಾ ಓಡಿದರು. ಜಗಲಿ ಹತ್ತಿದರು, ಚಾವಡಿ ದಾಟಿದರು, ಕೋಣೆಯ ಬಾಗಿಲು ತಳ್ಳಿದರು. "ಅಕ್ಕಾ, ನನಗೊಂದು ಮಾತು ಹೇಳದೆ ಹೋದಿರಲ್ಲಾ!"

ಕಿವಿಯವರೆಗೆ ಶಾಲು ಹೊದ್ದುಕೊಂಡಿದ್ದ ದೊಡ್ಡಮ್ಮ ತಲೆ ತಿರುಗಿಸಿದರು.

"ಎಲ್ಲಿಗೆ ಹೋಗುದು ಮಾರಾಯ್ತಿ, ಈ ಕಾಲು ಇಟ್ಟುಕೊಂಡು? ಮೊದಲು ಬಾಗಿಲು ಹಾಕು, ತಂಪೆಲ್ಲ ಹೊರಗೆ ಹೋಗ್ತದೆ."

ಗಿರಿಜಕ್ಕ ಬಾಗಿಲು ಹಾಕಿ ಮಂಚದ ಬುಡದಲ್ಲಿ ಕುಸಿದು ಕುಳಿತರು. ಕೈ ಹಿಡಿದುಕೊಂಡು ಅತ್ತರು, ಆಮೇಲೆ ನಕ್ಕರು, ಮತ್ತೆ ಅತ್ತರು. ದೊಡ್ಡಮ್ಮ ಕೈ ಬಿಡಿಸಿಕೊಳ್ಳಲಿಲ್ಲ. ಹೊರಗೆ ಬುಟ್ಟಿಯ ಮೇಲೆ ಕಾಗೆ, ಬೆಕ್ಕುಗಳಿಗೆ ಹಬ್ಬ; ಇಡೀ ಬುಟ್ಟಿಯ ದುಡ್ಡು ನಾವೇ ಕೊಡುತ್ತೇವೆ ಎಂದು ಹೇಳಿ ಗಿರಿಜಕ್ಕನನ್ನು ಸಮಾಧಾನ ಮಾಡಿದೆ. ಸಂಜೆ, ಮಿಷನ್ನು ತೆಗೆಸಬೇಕೇ ಎಂದು ಹೆದರುತ್ತಲೇ ಕೇಳಿದೆ.

"ನಾನು ಸತ್ತರೆ ಅಳುವವರು ಯಾರು ಅಂತ ಗೊತ್ತಾಯಿತಲ್ಲ. ಇರಲಿ ಅದು" ಎಂದರು ದೊಡ್ಡಮ್ಮ.

ಅಂದಿನಿಂದ ಗಿರಿಜಕ್ಕ ಬುಟ್ಟಿಯನ್ನು ಹಿಂದೆ ಇಟ್ಟು, ಬಾವಿಕಟ್ಟೆಯಲ್ಲಿ ಕೈಕಾಲು ತೊಳೆದು, ಬಟ್ಟಲಲ್ಲಿ ನಾಲ್ಕು ಮೀನು ಹಿಡಿದು ಅಡುಗೆಮನೆಯಿಂದ ಕೋಣೆಗೆ ಬರತೊಡಗಿದರು. ಕಿಟಕಿಯಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದವರು ಈಗ ಕುಳಿತು ಹೆಜಮಾಡಿಯಿಂದ ಮಲ್ಪೆಯವರೆಗಿನ ಸುದ್ದಿಯೆಲ್ಲ ಹೇಳಿ ಹೋಗುತ್ತಿದ್ದರು. ಬೆನ್ನು ನಿಧಾನವಾಗಿ ಒಣಗಿತು. ಮಳೆ ಹಿಡಿಯುವ ಹೊತ್ತಿಗೆ ಚರ್ಮ ಕೂಡಿಕೊಂಡಿತ್ತು.

ಎ.ಸಿ. ನಿಲ್ಲಿಸಿ ಕಿಟಕಿ ತೆರೆದೆ. ಮರುದಿನ ಗಿರಿಜಕ್ಕ ಹಿಂದಿನ ಹಾಗೆಯೇ ಕಿಟಕಿಯ ಹೊರಗೆ ನಿಂತು ಬುಟ್ಟಿ ವಾಲಿಸಿದರು. ಅವರ ಮಟ್ಟಿಗೆ ಒಳಗೆ ಬರುವ ಕಾರಣ ಮುಗಿದಿತ್ತು. ದೊಡ್ಡಮ್ಮ ಕೈ ಹೊರಗೆ ಹಾಕಲಿಲ್ಲ.

"ಅಲ್ಲಿ ಎಂತಕ್ಕೆ ನಿಂತದ್ದು ನೀನು? ಒಳಗೆ ಬಾ" ಎಂದರು.

ಈ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು, ಇಷ್ಟು ಸಣ್ಣ ಮಾತು ನನ್ನ ಬಾಯಿಗೂ ಬಂದಿರಲಿಲ್ಲ. ಅದಕ್ಕೇ ಆ ವಾಸನೆಗೆ ನಾನು ಋಣಿ. ಎ.ಸಿ. ಬೆನ್ನನ್ನು ಉಳಿಸಿಕೊಟ್ಟದ್ದು ಡಾಕ್ಟರಿಗೂ ಗೊತ್ತು, ಉಳಿದದ್ದು ಗೊತ್ತಿರುವವರು ನಾವು ಮೂವರೇ.

ನಿನ್ನೆಯೂ ಗಿರಿಜಕ್ಕ ಬಂದರು. ಈಗ ಅವರಿಗೂ ಮಂಡಿ ನೋವು. ನಾನು ಮೀನು ಶುಚಿ ಮಾಡಲು ಮಣೆ ಹುಡುಕಿಕೊಂಡು ಬರುವಷ್ಟರಲ್ಲಿ ಮಂಚದ ಪಕ್ಕದ ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು. ಮೀನಿನ ಬಟ್ಟಲು ಮಡಿಲಲ್ಲೇ ಇತ್ತು. ಯಾವುದು ತೆಗೆದುಕೊಳ್ಳಲಿ ಎಂದು ದೊಡ್ಡಮ್ಮನನ್ನು ಕೇಳಬೇಕೆಂದಿದ್ದೆ. ದೊಡ್ಡಮ್ಮ ಎಡಗೈಯ ಬೆರಳನ್ನು ತುಟಿಗೆ ತಂದು ಪಿಸುಗುಟ್ಟಿದರು:

"ಇವತ್ತು ಮೀನು ನೀನೇ ಆರಿಸು. ಅವಳನ್ನು ಎಬ್ಬಿಸಬೇಡ."