ನಡುವಿನ ತೂತಿಗೆ ಮೊದಲ ಜಾಗ

ಬೀದಿದೀಪಗಳು ಇನ್ನೂ ಆರಿಲ್ಲ. ಮಹಡಿ ಮೆಟ್ಟಿಲ ಕೆಳಗಿನ ಪುಟ್ಟ ಅಂಗಡಿಯ ಷಟರ್ ಮಾತ್ರ ಅರ್ಧ ಮೇಲೇರಿದೆ. ಒಳಗೆ ಪ್ರಿಂಟರ್ ಗೊರಗೊರ ಎನ್ನುತ್ತಿದೆ. ಸ್ಟಿಕ್ಕರ್ ಹಾಳೆಯ ತುದಿ ಇಣುಕುತ್ತಿದ್ದಂತೆ ಸ್ಟೂಲಿನ ಮೇಲೆ ಕೂತ ಕ್ಯಾಸೆಟ್ ಅಕ್ಕ ಉಸಿರು ಬಿಗಿಹಿಡಿಯುತ್ತಾರೆ. ಮೊದಲು ಕಾಣುವುದು ಫೋಟೋದ ಕೂದಲು, ಆಮೇಲೆ ಹಣೆ, ಆಮೇಲೆ ಹಾಡಲು ತೆರೆದ ಬಾಯಿ. "ಬಂತು ಅತ್ತೆ, ಬಾಯಿ ಪೂರ್ತಿ ಬಂತು!" ಎಂದು ಒಳಮನೆಗೆ ಕೇಳುವಂತೆ ಕೂಗುತ್ತಾರೆ.

ಬೀದಿಗೆಲ್ಲ ಅವರು ಕ್ಯಾಸೆಟ್ ಅಕ್ಕನೇ. ಅಂಗಡಿ ಮೊದಲು ಗಂಡನದಾಗಿತ್ತು. ಕ್ಯಾಸೆಟ್ ಕೊಳ್ಳುವವರು ಇಲ್ಲವಾದಾಗ ಗಂಡ ಬಸ್ಸಿನ ಕೆಲಸ ಹಿಡಿದರು; ಅಂಗಡಿಗೆ ಬೀಗ ಹಾಕಲು ಹೆಂಡತಿಗೆ ಮನಸ್ಸು ಬರಲಿಲ್ಲ. ಜನರ ಕಪಾಟಿನಲ್ಲಿ ಧೂಳು ತಿನ್ನುತ್ತಿರುವ ಹಳೆಯ ದನಿಗಳನ್ನು ಸಿ.ಡಿ.ಗೆ ಇಳಿಸಿಕೊಡುವುದು ಈಗ ಅವರ ಕಸುಬು. ದಿನಕ್ಕೆ ನಾಲ್ಕೋ ಐದೋ, ಅದಕ್ಕಿಂತ ಹೆಚ್ಚಾಗದು. "ಟೇಪು ಅದರ ಪಾಡಿಗೆ ಅದು ಓಡಬೇಕು. ನಾವು ಅವಸರ ಮಾಡಿದ್ರೆ ಅದೇನು ಬಸ್ಸಾ?" ಎಂದು ನಗುತ್ತಾರೆ.

ಇಳಿಸಿದ ಮೇಲೆ ಮಾರ್ಕರ್ ಪೆನ್ನಿನಲ್ಲಿ ಹೆಸರು ಗೀಚಿದರೆ ಅವರ ಕೆಲಸ ಮುಗಿಯುತ್ತಿತ್ತು. ಆ ನೆಮ್ಮದಿ ಕೆಡಿಸಿದವರು ಆಸ್ಪತ್ರೆಯ ನರ್ಸಮ್ಮ. ಆಕೆಗೆ ಚಿಕ್ಕಂದಿನಲ್ಲಿ ಹಾಡು ಕಲಿಸಿದ ಟೀಚರಿಗೆ ಗಂಟಲಿನ ಆಪರೇಷನ್ ಆಗಿ ಈಗ ಪಿಸುಮಾತಷ್ಟೇ ಉಳಿದಿದೆ. ಅವರು ಪ್ರಾಯದಲ್ಲಿ ಹಾಡಿದ ಕ್ಯಾಸೆಟ್ಟೊಂದು ಶಿಷ್ಯೆಯರಿಗೆ ಸಿಕ್ಕಿದೆ. ಇಂದು ಸಂಜೆ ಎಲ್ಲರೂ ಸೇರಿ ಆ ದನಿಯನ್ನು ಟೀಚರ ಕೈಗೇ ಕೊಡಬೇಕು, ಒಬ್ಬೊಬ್ಬರೂ ಒಂದೊಂದು ಪ್ರತಿ ಇಟ್ಟುಕೊಳ್ಳಬೇಕು. "ಅವರ ಫೋಟೋ ಇರೋ ಲೇಬಲ್ಲು, ಚೆಂದದ ಕವರು ಬೇಕು ಅಕ್ಕಾ. ಗೀಚಿದ್ದು ಬೇಡ," ಎಂದರು ನರ್ಸಮ್ಮ. ಅಕ್ಕ ಹೂಂ ಎಂದುಬಿಟ್ಟರು. ಕಂಪ್ಯೂಟರಿನಲ್ಲಿ ಒಂದು ಗೆರೆಯನ್ನೂ ಎಳೆದವರಲ್ಲ!

ಪಕ್ಕದ ಫೋಟೋ ಸ್ಟುಡಿಯೋದವನು ದೊಡ್ಡ ಸಾಫ್ಟ್‌ವೇರ್ ಒಂದನ್ನು ಹಾಕಿಕೊಟ್ಟ. "ಕಲಿತ್ರೆ ಇದನ್ನೇ ಕಲೀಬೇಕಕ್ಕಾ. ಮಿಕ್ಕಿದ್ದೆಲ್ಲ ಮಕ್ಕಳಾಟ." ತೆರೆದರೆ ಪರದೆಯ ಸುತ್ತ ಇರುವೆ ಸಾಲಿನಂತೆ ಗುಂಡಿಗಳು. ಒಂದನ್ನು ಒತ್ತಿದರೆ ಟೀಚರ್ ಮಾಯ, ಇನ್ನೊಂದನ್ನು ಒತ್ತಿದರೆ ಇಬ್ಬರು ಟೀಚರು. "ವಿಮಾನ ಹಾರಿಸೋದು ಇದಕ್ಕಿಂತ ಸುಲಭ ಇರಬೇಕು," ಎಂದು ಅಕ್ಕ ಅದಕ್ಕೆ ಕೈಮುಗಿದರು.

ಎರಡನೆಯದು ಕಂಪ್ಯೂಟರಿನಲ್ಲೇ ಇದ್ದ ಚಿತ್ರ ಬಿಡಿಸುವ ಸಾಫ್ಟ್‌ವೇರ್. ಸುಲಭವೇನೋ ಹೌದು. ದುಂಡಗೆ ಎಳೆದು, ನಟ್ಟನಡುವೆ ಟೀಚರ ಫೋಟೋ ಕೂರಿಸಿ, ಮೊದಲ ಲೇಬಲ್ ತೆಗೆದು ಸಿ.ಡಿ.ಗೆ ಅಂಟಿಸಿದರು. ಅಂಟಿಸಿದ ಮೇಲೆ ಕಣ್ಣಿಗೆ ಬಿತ್ತು: ಸಿ.ಡಿ.ಯ ತೂತು ಸರಿಯಾಗಿ ಟೀಚರ ಗಂಟಲ ಮೇಲೆ.

ಅಷ್ಟರಲ್ಲಿ ನರ್ಸಮ್ಮ ಬಾಗಿಲಲ್ಲಿದ್ದರು. ನೋಡಿದರು, ಬಿಳುಚಿಕೊಂಡರು. "ಇದನ್ನ ಅವರ ಕೈಗೆ ಕೊಡೋದಾ ಅಕ್ಕಾ? ಶನಿವಾರ ಬೆಳಿಗ್ಗೆ ಬರ್ತೀನಿ. ಆಗಲಿಲ್ಲ ಅಂದ್ರೆ ಹಂಗೇ ಬರೀ ಸಿ.ಡಿ. ಕೊಡಿ, ಸಾಕು." ಗದರಿದ್ದರೆ ವಾಸಿಯಿತ್ತು, ಆ "ಸಾಕು" ಎದೆಗೆ ಮುಳ್ಳಾಗಿ ನೆಟ್ಟಿತು.

ಪ್ರಾಯದಲ್ಲಿ ಬಟ್ಟೆ ಹೊಲಿದು ಮಕ್ಕಳನ್ನು ಸಾಕಿದ ಅತ್ತೆ ಆ ಸಿ.ಡಿ.ಯನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದರು. "ಕತ್ತು ಬಿಡದೆ ಅಂಗಿ ಹೊಲಿದಂಗಾಯ್ತಲ್ಲೇ! ಮೊದಲು ಕತ್ತಿಗೆ ಗುರುತು ಹಾಕ್ಕೋಬೇಕು, ಆಮೇಲೆ ಹೂವು ಬಳ್ಳಿ ಎಲ್ಲ."

ಸಾಫ್ಟ್‌ವೇರ್ ಆರಿಸುವ ಅಳತೆಗೋಲು ಅಕ್ಕನಿಗೆ ಸಿಕ್ಕಿದ್ದು ಆ ಮಾತಿನಲ್ಲಿ. ಎಷ್ಟು ಬಣ್ಣ, ಎಷ್ಟು ಗುಂಡಿ ಎಂದು ನೋಡುವುದನ್ನು ಬಿಟ್ಟರು. ತೆರೆದ ಕೂಡಲೇ ತೂತು ತೋರಿಸುವುದು ಯಾವುದು? ಹುಡುಕಿ ಹುಡುಕಿ ಪುಟ್ಟದೊಂದನ್ನು ಇಳಿಸಿಕೊಂಡರು. ತೆರೆದರೆ ಅದೇ ಕೇಳುತ್ತದೆ, ಲೇಬಲ್ಲೋ ಕವರೋ ಎಂದು. ಲೇಬಲ್ ಎಂದರೆ ನಡುವೆ ತೂತಿರುವ ಬಿಳಿ ಚಕ್ರ. ಕವರ್ ಎಂದರೆ ಎಲ್ಲಿ ಮಡಚಬೇಕೋ ಅಲ್ಲಿ ಚುಕ್ಕಿಗೆರೆ. ಕನ್ನಡ ಅಕ್ಷರ ಹಾಕಿದರೆ ಒತ್ತು ಕೊಂಬು ಚೆಲ್ಲಾಪಿಲ್ಲಿಯಾಗದೆ ಕೂರುತ್ತವೆ. "ತೂತಿದೆ ಅತ್ತೆ, ಇದರಲ್ಲಿ ತೂತಿದೆ!" ಎಂದು ಅವರು ಕೂಗಿದ ರಭಸಕ್ಕೆ ಸ್ಟುಡಿಯೋದವನು ಓಡಿ ಬಂದಿದ್ದ, ಸೂರು ಸೋರುತ್ತಿದೆಯೇನೋ ಎಂದುಕೊಂಡು.

ಈಗ ಹೊರಗೆ ಶನಿವಾರದ ಬೆಳಕು ಹರಿದಿದೆ. ಅಕ್ಕ ಸ್ಟಿಕ್ಕರ್ ಸುಲಿದು, ನಾಲಿಗೆ ಕಚ್ಚಿಕೊಂಡು, ಅಂಚಿಗೆ ಅಂಚು ಕೂಡಿಸಿ ಅಂಟಿಸುತ್ತಾರೆ. ಹಳೆಯ ಫೋಟೋದಲ್ಲಿ ಟೀಚರ್ ಒಂದು ಕೈ ಮುಂದೆ ಚಾಚಿ ಹಾಡುತ್ತಿದ್ದಾರೆ. ಮುಖವನ್ನು ಅಕ್ಕ ಎಡಕ್ಕೆ ಸರಿಸಿದ್ದಾರೆ. ಮುಖಕ್ಕೂ ಕೈಗೂ ನಡುವಿನ ಬಯಲಿನಲ್ಲಿ, ಹಾಡು ಹೊರಟು ಹೋಗುವ ದಾರಿಯಲ್ಲಿ, ತೂತು ತಣ್ಣಗೆ ಕೂತಿದೆ.

ಪಾಳಿ ಮುಗಿಸಿ ನೇರ ಆಸ್ಪತ್ರೆಯಿಂದ ಬಂದ ನರ್ಸಮ್ಮ ಸಿ.ಡಿ.ಯನ್ನು ಕೈಗೆತ್ತಿಕೊಳ್ಳುತ್ತಾರೆ. ತೂತಿನೊಳಗೆ ಬೆರಳು ತೂರಿಸಿ ಅದನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸುತ್ತಾರೆ. "ಹಾಡ್ತಾ ಇದಾರೆ ಅಲ್ವಾ ಅಕ್ಕಾ," ಎನ್ನುತ್ತಾರೆ.

ಸಿ.ಡಿ.ಗಳ ಪೆಟ್ಟಿಗೆ ಹೊತ್ತು ಅವರು ಬೀದಿ ತಿರುಗಿದ ಮೇಲೆ ಅತ್ತೆಯದು ತಕರಾರು. "ಕವರಿನ ಹಿಂದೆ ನಿನ್ನ ಹೆಸರೇ ಇಲ್ವಲ್ಲೇ?"

"ನಂದ್ಯಾಕತ್ತೆ? ಟೀಚರು ಮೊದಲು ತಮ್ಮ ಮುಖ ನೋಡ್ಕೊಳ್ಲಿ, ಆಮೇಲೆ ದನಿ ಕೇಳಿಸ್ಕೊಳ್ಲಿ. ನಂಗಷ್ಟೇ ಆಸೆ." ಅಕ್ಕ ಮೇಜಿನ ಮೇಲಿನ ಮಾರ್ಕರ್ ಪೆನ್ನಿಗೆ ಮುಚ್ಚಳ ಹಾಕಿ ಅತ್ತೆಯ ಕೈಗಿಡುತ್ತಾರೆ. "ಇನ್ಮೇಲೆ ಇದು ನಿಮಗೆ. ಅಡುಗೆಮನೆ ಡಬ್ಬಿಗಳ ಮೇಲೆ ಬರ್ಕೊಳ್ಳಿ."