ಹಳೆಯ ಬೇಸ್‌ಬಾಲ್ ಕಾರ್ಡಿಗೆ ಐವತ್ತು ಡಾಲರ್ ದಂಡ

ಈ ಕಾರ್ಡಿಗೆ ನಾನು ಕೊಟ್ಟದ್ದು ನೂರಾಹತ್ತು ಡಾಲರ್. ಅರವತ್ತಕ್ಕೆ ಸಿಗುವಂತಿತ್ತು. ಮಿಕ್ಕ ಐವತ್ತು, ಚೌಕಾಸಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದುಕೊಂಡದ್ದಕ್ಕೆ ತೆತ್ತ ದಂಡ.

ನಮ್ಮ ಮನೆಗೆ ಹತ್ತಿರದ ಕೆಂಟ್ ಎಂಬ ಊರಿನ ಒಂದು ಸಭಾಂಗಣದಲ್ಲಿ ಆಗಾಗ ಹಳೆಯ ಪೋಸ್ಟ್‌ಕಾರ್ಡುಗಳ ಮಾರಾಟವಿರುತ್ತದೆ. ನಾನು ಕೂಡಿಡುವುದು ಬೇಸ್‌ಬಾಲ್ ಆಟಗಾರರ ಫೋಟೋ ಕಾರ್ಡುಗಳನ್ನು. ನೂರು ವರ್ಷದ ಹಿಂದೆ ಸಣ್ಣಪುಟ್ಟ ಊರಿನ ಆಟಗಾರರೂ ಪಟ ತೆಗೆಸಿ, ಅದನ್ನೇ ಕಾರ್ಡು ಮಾಡಿಸಿ ನೆಂಟರಿಗೆ ಕಳಿಸುತ್ತಿದ್ದರು. ಆವತ್ತು ಒಬ್ಬ ಅಜ್ಜಿಯ ಮೇಜಿನ ಮೇಲೆ ಕಂಡ ಕಾರ್ಡಿನಲ್ಲಿದ್ದವನು ಮರ ಕಡಿಯುವವರ ತಂಡದ ಆಟಗಾರ. ಮೈದಾನದ ಅಂಚಿನಲ್ಲೆಲ್ಲ ಕಡಿದ ಮರದ ಬೊಡ್ಡೆಗಳು. ಇಲ್ಲಿಯ ಕಾಡಿನ ತಂಡದ್ದು ನನ್ನಲ್ಲಿ ಒಂದೂ ಇರಲಿಲ್ಲ. ಬೇಕೇ ಬೇಕು ಅನ್ನಿಸಿತು. ಮುಖದಲ್ಲಿ ತೋರಗೊಡಲಿಲ್ಲ.

"ಮೂಲೆ ಮಡಿಚಿದೆ, ಹೆಸರೂ ಬರೆದಿಲ್ಲ. ಮೂವತ್ತೈದು," ಎಂದೆ.

"ಅರವತ್ತು," ಎಂದಳು ಅಜ್ಜಿ, ಹೆಣಿಗೆಯಿಂದ ತಲೆ ಎತ್ತದೆ.

ಕಾರ್ಡನ್ನು ಕೆಳಗಿಟ್ಟು ಹೊರಟೆ. ಚಿಕ್ಕಪೇಟೆಯಲ್ಲಾದರೆ ಹತ್ತು ಹೆಜ್ಜೆಯೊಳಗೆ "ಬನ್ನಿ ಸಾರ್, ನಿಮ್ಮ ರೇಟ್ ಹೇಳಿ" ಅಂತ ಕೂಗು ಬರುತ್ತದೆ. ಈ ಅಜ್ಜಿ, ನಿಮ್ಮ ದಿನ ಚೆನ್ನಾಗಿರಲಿ ಎಂದು ಹಾರೈಸಿ ಹೆಣಿಗೆ ಮುಂದುವರಿಸಿದಳು.

"ರೀ, ಇನ್ನೂ ನಡೀತೀರಾ? ಮುಂದೆ ಗೋಡೆ ಇದೆ," ಎಂದಳು ಜೊತೆಗೆ ಬಂದಿದ್ದ ನನ್ನ ಹೆಂಡತಿ.

"ಈಗ ಕರೀತಾರೆ. ಹಿಂದೆ ನೋಡ್ಬೇಡ."

"ಎಲ್ಲಿ ಕರೀತಾರೆ? ಬೇರೆಯವ್ರಿಗೆ ಪ್ಯಾಕ್ ಮಾಡ್ತಿದಾರೆ."

ಕೊಂಡವನು ನಾಲ್ಕು ಮೇಜಿನಾಚೆ ತಾನೂ ಕಾರ್ಡು ಮಾರುತ್ತಿದ್ದ ಒಬ್ಬ ಮುದುಕ. ಹಿಂದೆಯೇ ಹೋಗಿ ಕೇಳಿದೆ. ನೂರಾಹತ್ತು ಎಂದ. ನಾನು ಬಾಯಿ ತೆರೆಯುವ ಮೊದಲೇ ಕತ್ತಿನಲ್ಲಿದ್ದ ಪುಟ್ಟ ಭೂತಗನ್ನಡಿಯನ್ನು ನನ್ನ ಕೈಗಿತ್ತು, "ಮೊದಲು ನೋಡಿ," ಎಂದ.

ಅಷ್ಟು ವರ್ಷ ನಾನು ಕಾರ್ಡಿನ ಮೂಲೆ ನೋಡಿದ್ದೆ, ಬೆನ್ನು ನೋಡಿದ್ದೆ, ಬೆಲೆ ನೋಡಿದ್ದೆ. ಹೀಗೆ ನೋಡಿರಲಿಲ್ಲ. ಬೂಟಿನ ತಳದ ಮುಳ್ಳಿಗೆ ಮೆತ್ತಿದ ಹಸಿ ಮಣ್ಣು. ಕೈಗವಸಿನಲ್ಲಿ ಕಿತ್ತುಹೋದ ಹೊಲಿಗೆ, ಅದರ ಮೇಲೆ ಯಾರೋ ಹಾಕಿಕೊಟ್ಟ ಬೇರೆ ದಾರ. ಎಷ್ಟು ಹತ್ತಿರ ಹೋದರೂ ಅಚ್ಚು ಹಾಕಿದ ಚಿತ್ರದಲ್ಲಿರುವಂಥ ಶಾಯಿಯ ಚುಕ್ಕೆಯಿಲ್ಲ. ಇನ್ನೂ ಒಳಕ್ಕೆ ಅವನೇ ಇದ್ದ. ಅವನ ಮೈಮೇಲಿನ ಬಿಸಿಲು ಕ್ಯಾಮೆರಾದ ಗಾಜಿನ ತಟ್ಟೆಯ ಮೇಲೆ ಬಿದ್ದು, ಆ ತಟ್ಟೆಯನ್ನು ದಾಟಿ ಬಂದ ಬೆಳಕೇ ಈ ಕಾಗದವನ್ನು ಮುಟ್ಟಿತ್ತು. ನಡುವೆ ಇನ್ನೇನೂ ಇರಲಿಲ್ಲ. ಇದಕ್ಕೇ ನಾನು ಮೂವತ್ತೈದು ಎಂದಿದ್ದೆ.

ಕೇಳಿದಷ್ಟು ಕೊಟ್ಟೆ. ಹೆಂಡತಿ ನನ್ನ ಹಣೆ ಮುಟ್ಟಿ ನೋಡಿದಳು.

"ಜ್ವರ ಇಲ್ವಲ್ಲ. ಐದು ಡಾಲರ್ ಆದ್ರೂ ಬಿಡಿಸ್ಬಾರ್ದಿತ್ತಾ?"

ಭೂತಗನ್ನಡಿಯನ್ನು ಅವಳಿಗೆ ಕೊಟ್ಟೆ. ಕಾರ್ಡನ್ನು ಬೆಳಕಿಗೆ ಹಿಡಿದು ಬಗ್ಗಿ ನೋಡಿದಳು. ಆಮೇಲೆ ಮೆಲ್ಲಗೆ, "ಕಿರುಬೆರಳು ಮುರಿದು ಸೊಟ್ಟಗೆ ಕೂಡಿದೆ ಪಾಪ, ನೋಡಿದ್ರಾ?" ಎಂದಳು.

ನೀವೂ ಈ ಹುಚ್ಚಿಗೆ ಬೀಳುವವರಾದರೆ ಕಾರ್ಡಿಗಿಂತ ಮೊದಲು ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ಕೊಳ್ಳಿ. ಕೆನ್ನೆಯ ನೆರಳಿನಲ್ಲಿ ಚುಕ್ಕೆಗಳು ಕಂಡರೆ ಅದು ನಿಜವಾದ ಫೋಟೋ ಅಲ್ಲ, ಅಚ್ಚಾದದ್ದು, ದುಡ್ಡು ಸುರಿಯಬೇಡಿ. ಕಪ್ಪು ಜಾಗದಲ್ಲಿ ಬೆಳ್ಳಿಯಂಥ ಹೊಳಪು ಕಂಡರೆ ಕೊಳೆಯೆಂದು ಒರೆಸಬೇಡಿ. ಅದು ಫೋಟೋ ಕಾಗದದ ಲೇಪದಲ್ಲಿದ್ದ ಬೆಳ್ಳಿಯೇ, ವರ್ಷಗಳು ಕಳೆದಂತೆ ಮೇಲೆ ಬಂದದ್ದು. ಮನಸ್ಸಿಗೆ ಬಂದ ಕಾರ್ಡಿಗೆ ಒಂದು ಸಲ ಚೌಕಾಸಿ ಮಾಡಿ, ತಪ್ಪಿಲ್ಲ. ಆದರೆ ಆ ಮಾತು ಮುಗಿಯುವವರೆಗೆ ಅದನ್ನು ಕೈಯಲ್ಲೇ ಹಿಡಿದಿರಿ.